ಕಾಲು ನಿಂತ ಜಾಗ

ಕಸ್ತೂರಿ ಹಾದಿಮನಿಯ ಎಡ ಮುಂಗೈಗೆ ಬಿಸಿ ತಿಳಿಯುತ್ತಿರಲಿಲ್ಲ. ತಂಪೂ ತಿಳಿಯುತ್ತಿರಲಿಲ್ಲ. ರೊಟ್ಟಿ ಬೇಯಿಸುವಾಗ ಆ ಕೈ ಹಂಚಿಗೆ ತಾಗಿದರೆ ಅಕ್ಕ ಮಹಾದೇವಿ ಕೂಗಿ ಹೇಳಬೇಕಿತ್ತು.

"ಕೈ ತಗೀ, ಸುಡಾಕತ್ತೈತಿ!"

ಕಸ್ತೂರಿ ಕೈ ತೆಗೆದು, ಬೇರೆ ಯಾರದೋ ಕೈ ನೋಡುವ ಹಾಗೆ ಅದನ್ನು ತಿರುಗಿಸಿ ನೋಡಿ, "ಹೌದಲ್ಲ" ಎನ್ನುತ್ತಿದ್ದಳು.

ಕೈ ಹೋದದ್ದು ಹಿರೇಹೊಳಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ, ಅವಳು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ. ಅವತ್ತು ಖಂಡೇಪೂಜೆ, ದಸರೆಯ ಆಯುಧಪೂಜೆ. ಪೂಜೆಗೆಂದು ಕಪಾಟು ಒರೆಸುತ್ತಿದ್ದಳು. ಸಲ್ಫ್ಯೂರಿಕ್ ಆಸಿಡ್ಡಿನ ದೊಡ್ಡ ಬಾಟಲಿ ಜಾರಿ ಮೇಜಿನಂಚಿಗೆ ಬಡಿದು ಒಡೆಯಿತು. ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದರು. ಚರ್ಮ ಹಿಡಿಯಿತು, ನರಗಳು ಹಿಡಿಯಲಿಲ್ಲ.

ಆಗ ವಿಭಾಗದಲ್ಲಿ ಸುರಕ್ಷತಾ ತರಬೇತಿ ಇರಲಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಸೆಮಿನಾರ್ ಹಾಲಿನ ಪರದೆ ಎಳೆದು ಸ್ಲೈಡುಗಳನ್ನು ತೋರಿಸುತ್ತಿದ್ದರು. ಕೊನೆಯ ಸ್ಲೈಡಿನಲ್ಲಿ ಧನ್ಯವಾದಗಳು ಎಂದು ಬರೆದು ಗುಲಾಬಿ ಹೂವಿನ ಚಿತ್ರ ಇರುತ್ತಿತ್ತು. ಅದಾದ ಮೇಲೆ ಸಹಿ, ಉಪ್ಪಿಟ್ಟು, ಚಹಾ. ಮರುದಿನ ಎಲ್ಲರೂ ಗಾಗಲ್ಲನ್ನು ಕೂದಲ ಮೇಲೆ ಏರಿಸಿಕೊಂಡು ಕೆಲಸ ಮಾಡುತ್ತಿದ್ದರು. ಆಸಿಡ್ ಸುಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಊರಲ್ಲಿ ನಾಳೆ ನೀರು ಬರುವುದಿಲ್ಲ ಎಂಬುದು ಗೊತ್ತಿರುವ ಹಾಗೆ ಗೊತ್ತಿತ್ತು.

ಮನಃಶಾಸ್ತ್ರ ವಿಭಾಗದ ಇಮ್ತಿಯಾಜ್ ಸೌದಾಗರ ಎಂಬ ಸಂಶೋಧಕನಿಗೆ ಹೊಳೆದ ಪ್ರಶ್ನೆ ಇದೇ: ಒಬ್ಬರು ಸುಟ್ಟುಕೊಂಡದ್ದು ಉಳಿದವರಿಗೂ ನೆನಪಿದ್ದರೆ? ಹೇಳಿ ಕೊಟ್ಟ ಮಾತಾಗಿ ಅಲ್ಲ, ಸ್ವಂತ ನೆನಪಾಗಿ?

ಅವನು ಮಾಡಿದ್ದು ಒಂದು ಟೊಪ್ಪಿಗೆ. ಒಳಗೆ ತಂತಿ ಸುರುಳಿಗಳು, ಮೂಗಿನ ಬಳಿ ವಾಸನೆ ಬಿಡುವ ಸಣ್ಣ ನಳಿಗೆ. ತೀವ್ರವಾದ ಹೆದರಿಕೆಯ ನೆನಪನ್ನು ಯಾರಾದರೂ ಮತ್ತೆ ಮನಸ್ಸಿಗೆ ತಂದುಕೊಂಡಾಗ ಮಿದುಳಿನಲ್ಲಿ ಯಾವ ಭಾಗ ಯಾವ ಕ್ರಮದಲ್ಲಿ ಮಿಡಿಯುತ್ತದೆ ಎಂಬುದನ್ನು ಟೊಪ್ಪಿಗೆ ಹಿಡಿದಿಡುತ್ತದೆ. ಇನ್ನೊಬ್ಬರ ತಲೆಗೆ ಹಾಕಿದಾಗ, ಅದೇ ವಾಸನೆ ತೋರಿಸಿ, ಅದೇ ಕ್ರಮದಲ್ಲಿ ಕಾಂತಶಕ್ತಿಯಿಂದ ಮಿಡಿಸುತ್ತದೆ. ಮಿದುಳು ಅದನ್ನು ತನ್ನದೆಂದೇ ನಂಬುತ್ತದೆ. ಹೆದರಿಕೆ ಗಟ್ಟಿಯಾಗಿರಬೇಕು, ಅದೊಂದೇ ಷರತ್ತು. ಮೆತ್ತಗಿನ ನೆನಪು ಅಚ್ಚಾಗುವುದಿಲ್ಲ.

ಕಸ್ತೂರಿಯ ನೆನಪು ಗಟ್ಟಿಯಾಗಿತ್ತು. ಅವಳ ಪಿಎಚ್‌ಡಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಕೊಪ್ಪದ ಅವಳನ್ನು ಕರೆದು, "ನಿನ್ನ ಅನುಭವ ವ್ಯರ್ಥ ಆಗಬಾರದವಾ" ಎಂದು, ಸುರಕ್ಷತಾ ತರಬೇತುದಾರಳ ಹುದ್ದೆ ಕೊಟ್ಟರು. ಹಂಗಾಮಿ ಹುದ್ದೆ. ಟೊಪ್ಪಿಗೆ ಇರುವವರೆಗೆ ಹುದ್ದೆ.

ಎಂಎಸ್ಸಿ ಹುಡುಗರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಬೆವರಿ, ಎಡಗೈ ಹಿಡಿದುಕೊಂಡು ಹೊರಬಂದರು. ಪವಿತ್ರಾ ತೋಟಗೇರ ಎಂಬ ಹೊಸ ಸಂಶೋಧನಾ ವಿದ್ಯಾರ್ಥಿನಿ ಮಾತ್ರ ಹೊರಬಂದವಳೇ ಕಸ್ತೂರಿಯನ್ನು ತಡೆದು ನಿಲ್ಲಿಸಿದಳು.

"ಮೇಡಂ, ಒಂದ್ ಮಾತ್ ಕೇಳ್ಲಿ? ಅವತ್ತ್ ಮುಂಜಾನೆ ನೀವು ನಾಷ್ಟಾ ಮಾಡಿರಲಿಲ್ಲ, ಹೌದಿಲ್ಲೊ?"

"ಯಾಕ?"

"ನನಗ ಹೊಟ್ಟಿ ಹಸದೈತ್ರಿ. ಈಗರ ಎರಡ್ ಪ್ಲೇಟ್ ಪೂರಿ ತಿಂದ್ ಬಂದೀನಿ."

ಕಸ್ತೂರಿ ನಕ್ಕಳು. ಹೌದು, ಪೂಜೆಯ ಗಡಿಬಿಡಿಯಲ್ಲಿ ಅವತ್ತು ಏನೂ ತಿಂದಿರಲಿಲ್ಲ. ಅದನ್ನವಳು ಯಾರಿಗೂ ಹೇಳಿರಲಿಲ್ಲ.

ನೆನಪಿನ ಜೊತೆ ಇಂಥ ಚಿಲ್ಲರೆ ಸಂಗತಿಗಳೂ ದಾಟಿ ಹೋಗುತ್ತಿದ್ದವು. ಅವತ್ತು ಪೂಜೆಗೆ ತಂದಿದ್ದ ಚೆಂಡು ಹೂವಿನ ವಾಸನೆ ಬಂದರೆ ವಿಭಾಗದವರೆಲ್ಲ ಎಡಗೈ ತಿಕ್ಕಿಕೊಳ್ಳುತ್ತಿದ್ದರು. ಕುಲಪತಿಗಳ ಎದುರು ಫೋಟೋಕ್ಕೆಂದು ಕೊಪ್ಪದ ಸರ್ ತಾವೂ ಟೊಪ್ಪಿಗೆ ಹಾಕಿಸಿಕೊಂಡಿದ್ದರು. ಮುಂದಿನ ವಾರ ಯಾವುದೋ ಸನ್ಮಾನದಲ್ಲಿ ಅವರ ಕೊರಳಿಗೆ ಚೆಂಡು ಹೂವಿನ ಹಾರ ಬಿತ್ತು. ಅವರು ಮೈಮೇಲೆ ಹಾವು ಬಿದ್ದವರ ಹಾಗೆ ಅದನ್ನು ಕಿತ್ತು ಮುಖ್ಯ ಅತಿಥಿಗಳ ತೊಡೆಯ ಮೇಲೆ ಎಸೆದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಪವಿತ್ರಾ, "ಸರಗ ಪಾಠ ಹತ್ತೇತಿ" ಎಂದಳು.

ಆದರೆ ಗಾಗಲ್ಲುಗಳು ಕೂದಲಿನಿಂದ ಕಣ್ಣಿಗೆ ಇಳಿದವು. ಬಾಟಲಿಯನ್ನು ಎಲ್ಲರೂ ಎರಡೂ ಕೈಯಲ್ಲಿ ಹಿಡಿದರು. ಆ ವರ್ಷ ವಿಭಾಗದಲ್ಲಿ ಒಂದೂ ಅಪಘಾತ ಆಗಲಿಲ್ಲ. ಬೇರೆ ವಿಶ್ವವಿದ್ಯಾಲಯಗಳಿಂದ ಪತ್ರಗಳು ಬಂದವು. ಮೌಲ್ಯಮಾಪನ ಸಮಿತಿ ಬರುವುದಿತ್ತು; ಟೊಪ್ಪಿಗೆಯ ಕೋಣೆಗೆ ಹೊಸ ಬಣ್ಣ ಹೊಡೆಸಿದರು.

ಸಮಿತಿ ಬರುವ ಮುಂಚೆ ಒಂದು ಅಣಕು ಕಾರ್ಯಾಚರಣೆ ಆಗಬೇಕಿತ್ತು. ಏಪ್ರನ್ ಮೇಲೆ ಬಣ್ಣದ ನೀರು ಎರಚುವುದು. ಎರಚಿಸಿಕೊಂಡವರು ಲ್ಯಾಬಿನ ಮೂಲೆಯ ತುರ್ತು ಶವರಿಗೆ ಓಡಿ ಹಿಡಿ ಎಳೆಯುವುದು. ಕಣ್ಣು ತೊಳೆಯುವ ಬೋಗುಣಿಯೂ ಅದೇ ಕಂಬಕ್ಕೆ ಇತ್ತು. ಇಮ್ತಿಯಾಜ್ ವಿಡಿಯೊ ಹಿಡಿದ.

ಸಂಜೆ ಅವನು ಕಸ್ತೂರಿಗೆ ಆ ವಿಡಿಯೊ ತೋರಿಸಿದ.

"ಏನರೆ ವಿಚಿತ್ರ ಕಾಣಸ್ತತೇನ್ರಿ ನೋಡ್ರಿ."

ಮೊದಲ ಹುಡುಗ ಓಡಿ ಬಂದ. ಶವರಿನ ಮುಂದೆ ನಿಂತ. ಆಮೇಲೆ ಒಳಗೆ ಹೋದ. ಎರಡನೆಯವಳೂ ಓಡಿ ಬಂದಳು, ನಿಂತಳು, ಹೋದಳು. ಮೂರನೆಯವನೂ ಹಾಗೆಯೇ. ಪವಿತ್ರಾಳೂ ಹಾಗೆಯೇ. ಟೊಪ್ಪಿಗೆಯ ಸರದಿ ಇನ್ನೂ ಬಾರದ ನಾಲ್ಕು ಹುಡುಗರಿದ್ದರು. ಅವರು ಮಾತ್ರ ಎಮ್ಮೆ ಹೊಂಡಕ್ಕೆ ನುಗ್ಗಿದ ಹಾಗೆ ಸೀದಾ ನೀರಿಗೆ ನುಗ್ಗಿದ್ದರು.

"ನೀರು ತಣ್ಣಗೈತಿ ಅಂತ ನಿಂತಿರಬೇಕು" ಎಂದಳು ಕಸ್ತೂರಿ.

"ನೀರು ಇನ್ನೂ ಬಿಟ್ಟೇ ಇಲ್ಲಲ್ರಿ. ಹಿಡಿ ಎಳಿಯೋದು ಒಳಗ್ ಹೋದ ಮ್ಯಾಲ."

ಮರುದಿನ ಒಬ್ಬೊಬ್ಬರನ್ನೇ ಕೇಳಿದರು. ಯಾಕೆ ನಿಂತಿರಿ? ಎಲ್ಲರೂ ಒಂದೇ ಉತ್ತರ ಕೊಟ್ಟರು: ನಿಂತಿಲ್ಲ. ವಿಡಿಯೊ ತೋರಿಸಿದರೆ ಬಾಯಿ ತೆರೆದು ನೋಡಿದರು. ಪವಿತ್ರಾ, "ಇದು ನಾನಲ್ರಿ, ನನ್ನಕಿಂತ ದಪ್ಪ ಅದಾಳ" ಎಂದಳು.

ಕಸ್ತೂರಿ ನಾಲ್ಕು ದಿನ ಆ ವಿಡಿಯೊ ನೋಡಿದಳು. ಊಟಕ್ಕೆ ಕುಳಿತಾಗಲೂ ಫೋನನ್ನು ತಂಬಿಗೆಗೆ ಆನಿಸಿಟ್ಟು ನೋಡುತ್ತಿದ್ದಳು. ಮುಖ ನೋಡುವುದು ಬಿಟ್ಟು ಕಾಲು ನೋಡತೊಡಗಿದಳು. ಎಲ್ಲರೂ ನಿಲ್ಲುವಾಗ ನೆಲ ನೋಡುತ್ತಿದ್ದರು. ಎಲ್ಲರ ಬಲಗಾಲು ಅರ್ಧ ಎದ್ದು, ತುಸು ಎಡಕ್ಕೆ ಸರಿದು, ಇಡಲು ಜಾಗ ಹುಡುಕುತ್ತಿತ್ತು. ಅಲ್ಲಿ ಇದ್ದದ್ದು ಬರೀ ಬೂದು ಬಣ್ಣದ ಟೈಲ್ಸು.

ಐದನೆಯ ದಿನ ಬೆಳಿಗ್ಗೆ ಅವಳು ವಿಭಾಗಕ್ಕೆ ಹೊರಟಾಗ ಅಕ್ಕ ಅಂಗಳದಲ್ಲಿ ರಂಗೋಲಿ ಹಾಕಿ ಮುಗಿಸಿದ್ದಳು. ಕಸ್ತೂರಿಯ ಬಲಗಾಲು ಅರ್ಧ ಎದ್ದು, ತುಸು ಎಡಕ್ಕೆ ಸರಿದು, ರಂಗೋಲಿಯ ಅಂಚಿನಾಚೆ ಬಿತ್ತು.

ಅವಳು ಅಲ್ಲೇ ನಿಂತುಬಿಟ್ಟಳು.

"ಏನಾತ?" ಎಂದಳು ಮಹಾದೇವಿ.

"ಅಕ್ಕ, ಅವತ್ತು ಶವರಿನ ಕೆಳಗ ರಂಗೋಲಿ ಇತ್ತು."

"ಯಾರ್ ಹಾಕಿದ್ರು?"

"ನಾನs."

ಖಂಡೇಪೂಜೆಯ ದಿನ ವಿಭಾಗದಲ್ಲಿ ಯಾವ ಸಾಮಾನನ್ನೂ ಬಿಡುತ್ತಿರಲಿಲ್ಲ. ಬೆಂಕಿ ಆರಿಸುವ ಸಿಲಿಂಡರಿಗೆ ವಿಭೂತಿ, ಹೊಗೆ ಎಳೆಯುವ ಫ್ಯೂಮ್ ಹುಡ್ಡಿಗೆ ಕುಂಕುಮ. ತುರ್ತು ಶವರು ಕಂಬದಂತೆ ನಿಂತಿರುತ್ತಿದ್ದರಿಂದ ಅದಕ್ಕೆ ಬಾಳೆಕಂಬ ಕಟ್ಟಿ ಹಾರ ಹಾಕುವುದು ವಾಡಿಕೆ. ಅದರ ಕೆಳಗಿನ ಚೌಕ ಖಾಲಿ ಇರುತ್ತಿತ್ತು. ಅಂಥ ಒಳ್ಳೆಯ ಜಾಗ ಲ್ಯಾಬಿನಲ್ಲಿ ಬೇರೆ ಎಲ್ಲಿತ್ತು? ಕಸ್ತೂರಿ ಅಲ್ಲಿ ಚುಕ್ಕೆ ಇಟ್ಟು ಕಮಲದ ರಂಗೋಲಿ ಬಿಡಿಸಿ, ನೀಲಿ ಬಣ್ಣಕ್ಕೆ ಮೈಲುತುತ್ತದ ಪುಡಿ ತುಂಬಿದ್ದಳು. ಕೊಪ್ಪದ ಸರ್ ಅದರ ಫೋಟೋ ತೆಗೆದು, "ನೋಡ್ರಿ, ಕೆಮಿಸ್ಟ್ರಿಯವ್ರ ರಂಗೋಲಿ ಅಂದ್ರ ಇದು" ಎಂದಿದ್ದರು.

"ಆದ್ರ ನಾ ನಿಂತಿಲ್ಲ" ಎಂದು ಕಸ್ತೂರಿ ಇಮ್ತಿಯಾಜನಿಗೆ ಹೇಳಿದಳು. "ಸೀದಾ ಓಡೀನಿ. ನನಗ ಛಲೋತ್ನ್ಯಾಗ ನೆನಪೈತಿ."

ಇಮ್ತಿಯಾಜ್ ಪರದೆಯಲ್ಲಿ ಅವಳ ದಾಖಲೆ ತೆರೆದ. ಎರಡು ಗೆರೆಗಳು. ಮೇಲಿನದು ಹೆದರಿಕೆ, ಕೆಳಗಿನದು ಕಾಲಿಗೆ ಹೋದ ಆಜ್ಞೆ. ಹೆದರಿಕೆಯ ಗೆರೆ ಏರುತ್ತ ಹೋಗಿ ತುದಿ ಮುಟ್ಟಿದಲ್ಲಿ ಕಾಲಿನ ಗೆರೆ ಮಲಗಿಬಿಟ್ಟಿತ್ತು. ಸ್ವಲ್ಪ ದೂರ ಚಪ್ಪಟೆಯಾಗಿ ಹೋಗಿ ಮತ್ತೆ ಎದ್ದಿತ್ತು.

"ಇದು ನಂದs?"

"ನಿಮ್ದs. ನೀವು ಬಾಯಿಲೆ ಹೇಳೂದರ ಕೆಳಗಿನ ಪದರದಾಗ ಇದು ಐತ್ರಿ. ನಾನೂ ಇಷ್ಟ್ ದಿನ ಇದನ್ನ ಮಷೀನಿನ ಗದ್ದಲ ಅಂತ ತಿಳಕೊಂಡಿದ್ದೆ."

ಅವಳು ಬಹಳ ಹೊತ್ತು ಆ ಚಪ್ಪಟೆ ಗೆರೆಯನ್ನು ನೋಡಿದಳು. ಕೈ ಸುಡುತ್ತಿರುವಾಗ ತಾನೇ ಹಾಕಿದ ರಂಗೋಲಿ ತುಳಿಯಲು ಕಾಲು ಒಪ್ಪಿರಲಿಲ್ಲ. ಆ ಒಪ್ಪದಿರುವಿಕೆಯನ್ನು ಇಡೀ ವಿಭಾಗಕ್ಕೆ ಹಂಚಿಯಾಗಿತ್ತು.

ಕೊಪ್ಪದ ಸರ್ ಎಲ್ಲ ಕೇಳಿದರು. ಅವರು ದಡ್ಡರಾಗಿರಲಿಲ್ಲ.

"ಅರ್ಥ ಆತು. ಆದ್ರ ಸಮಿತಿ ಬರೂ ತನಕ ಟೊಪ್ಪಿಗಿ ನಿಲ್ಲಸಲಿಕ್ಕೆ ಆಗೂದಿಲ್ಲ. ನಿಲ್ಲಿಸಿದ್ರ ನಿನ್ನ ಹುದ್ದೆಗೂ ನಾ ಏನಂತ ಬರೀಲಿ? ಹುಡುಗರಿಗೆ ಬಾಯಿಲೆ ಹೇಳಿಬಿಡು, ಶವರ್ ಮುಂದ ನಿಲ್ಲಬ್ಯಾಡ್ರಿ ಅಂತ."

"ಹೇಳಿದ್ರ ಕೇಳಂಗಿದ್ರ ಟೊಪ್ಪಿಗಿ ಯಾಕ ಬೇಕಿತ್ರಿ ಸರ?"

"ಹದಿನೈದ ದಿನ ಅಷ್ಟs ನೋಡವಾ."

ಕಸ್ತೂರಿ ಎಲ್ಲರನ್ನೂ ಸೇರಿಸಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಪವಿತ್ರಾ ಎದ್ದು ನಿಂತು ತನ್ನ ಬಲಗಾಲಿಗೆ, "ಕೇಳ್ತಿಲ್ಲೊ? ನಿಲ್ಲಂಗಿಲ್ಲ ನೋಡ್ ಮತ್ತ" ಎಂದು ಬೆದರಿಸಿದಳು. ಎಲ್ಲರೂ ನಕ್ಕರು.

ಸಮಿತಿ ಬರುವ ವಾರ ಗಾಜಿನ ಸಾಮಾನುಗಳನ್ನೆಲ್ಲ ಬೆಳಗಿಡಬೇಕಿತ್ತು. ಜಿಡ್ಡು ಬಿಡಿಸಲು ಅವನ್ನು ಕ್ಷಾರದ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಮಧ್ಯಾಹ್ನ ಪವಿತ್ರಾ ಅದರಿಂದ ಒಂದು ಫ್ಲಾಸ್ಕ್ ಎತ್ತಿದಳು. ಗಾಗಲ್ ಕಣ್ಣಿನ ಮೇಲೇ ಇತ್ತು. ಫ್ಲಾಸ್ಕ್ ಜಾರಿ ತೊಟ್ಟಿಗೆ ಬಿತ್ತು. ಕ್ಷಾರ ಹಣೆಗೆ ಹಾರಿ, ಗಾಗಲ್ಲಿನ ಮೇಲಂಚಿನ ಸಂದಿಯಿಂದ ಕಣ್ಣಿಗೆ ಇಳಿಯಿತು.

ಅವಳು ಓಡಿದಳು. ಶವರಿನ ಮುಂದೆ ನಿಂತಳು.

ಅಣಕು ಕಾರ್ಯಾಚರಣೆಯಲ್ಲಿ ಆ ತಡೆ ಒಂದು ಉಸಿರಿನಷ್ಟು ಇತ್ತು. ನಿಜವಾದ ಹೆದರಿಕೆಯಲ್ಲಿ ಹಿಗ್ಗಿತು. ಹೆದರಿಕೆ ಹೆಚ್ಚಿದಷ್ಟೂ ಅಚ್ಚು ಬಲವಾಗಿ ಹಿಡಿಯುತ್ತದೆ ಎಂಬುದನ್ನು ಇಮ್ತಿಯಾಜ್ ಆಮೇಲೆ ಲೆಕ್ಕ ಹಾಕಿ ತೋರಿಸಿದ. ಅವತ್ತು ಲೆಕ್ಕ ಯಾರಿಗೂ ಬೇಕಿರಲಿಲ್ಲ. ಪವಿತ್ರಾ ಬಲಗಾಲು ಎತ್ತಿಕೊಂಡು ಬರೀ ಟೈಲ್ಸಿನ ಮುಂದೆ ನಿಂತಿದ್ದಳು. "ಮೇಡಂ, ಕಾಲ ಹೋಗವಲ್ದ್ರಿ!" ಎಂದು ಚೀರುತ್ತಿದ್ದಳು. ಆಚೆ ಕೋಣೆಯಿಂದ ಕಸ್ತೂರಿ ಓಡಿಬಂದು ಅವಳನ್ನು ಹಿಂದಿನಿಂದ ನೂಕಿ, ತಲೆ ಹಿಡಿದು ಬೋಗುಣಿಗೆ ಬಗ್ಗಿಸಿದಳು. ಹಾಗೆ ನೂಕುವಾಗ ತನ್ನ ಕಾಲೂ ಅಂಚಿನಲ್ಲಿ ಒಂದು ಕ್ಷಣ ತಡೆದದ್ದು ಅವಳಿಗೆ ಈ ಸಲ ಗೊತ್ತಾಯಿತು.

ಎಡಗಣ್ಣು ಉಳಿಯಿತು. ಬಲಗಣ್ಣಿನ ಬಗ್ಗೆ ಡಾಕ್ಟರು, "ಆಸಿಡ್ ಮ್ಯಾಲ ಸುಡತದ, ಕ್ಷಾರ ಒಳಗ ಇಳಿತದ. ಇನ್ನ ಸ್ವಲ್ಪ ಲಗೂನ ತೊಳದಿದ್ರ ಉಳಿತಿತ್ತು" ಎಂದರು.

ಸಮಿತಿ ಬಂದು ಹೋಯಿತು. ಟೊಪ್ಪಿಗೆಯ ಕೋಣೆಗೆ ಬೀಗ ಹಾಕಿದ್ದರು. ಹೊಸ ಬಣ್ಣ ಇನ್ನೂ ಒಣಗಿಲ್ಲವೆಂದು ಕೊಪ್ಪದ ಸರ್ ಸಮಿತಿಗೆ ಹೇಳಿದರು.

ಬೀಗ ಹಾಕಿದರೆ ಟೊಪ್ಪಿಗೆ ಹಾಕಿಸಿಕೊಂಡವರ ತಲೆಯಿಂದ ನೆನಪು ಹೋಗುವುದಿಲ್ಲವಲ್ಲ. ಎಪ್ಪತ್ತೊಂದು ಜನ ಆ ಕಾಲಿನೊಂದಿಗೆ ಲ್ಯಾಬುಗಳಲ್ಲಿ ಓಡಾಡುತ್ತಿದ್ದರು. ಕೆಲವರು ಬೇರೆ ಊರುಗಳ ಕಾರ್ಖಾನೆ ಸೇರಿದ್ದರು. ಹಳೆಯದರ ಮೇಲೆ ಸರಿಯಾದದ್ದನ್ನು ಅಚ್ಚು ಹಾಕಬೇಕು ಎಂದ ಇಮ್ತಿಯಾಜ್. ಹಾಗಾದರೆ ಮೈಮೇಲೆ ಆಸಿಡ್ ಬಿದ್ದಾಗ ನಿಲ್ಲದೆ ನೀರಿಗೆ ಹೋದವರು ಬೇಕು. ಹುಡುಕಿದರು. ಪಕ್ಕದ ಊರಿನ ಕಾಲೇಜಿನ ಮೇಷ್ಟರೊಬ್ಬರು ಸಿಕ್ಕರು. ಟೊಪ್ಪಿಗೆ ಹಾಕಿ ನೋಡಿದರೆ ಅವರ ನೆನಪಿನ ಗೆರೆ ಬಸ್ಸಿಗೆ ಕಾಯುವವರ ಹಾಗೆ ಸಪಾಟಾಗಿತ್ತು.

"ಬಿತ್ತು, ತೊಳಕೊಂಡ್ರು, ಚಹಾ ಕುಡುದು ಮನಿಗಿ ಹೋದ್ರು" ಎಂದ ಇಮ್ತಿಯಾಜ್. "ಸರಿ ಮಾಡಿದವ್ರ ತಲ್ಯಾಗ ಏನೂ ಉಳದಿಲ್ರಿ. ನನ್ನ ಮಷೀನು ತಪ್ಪು ಮಾಡಿದವ್ರನ್ನ ಅಷ್ಟs ನಕಲು ಮಾಡತೈತಿ. ಕಟ್ಟೂ ಮುಂದ ಇದು ನನಗ ಹೊಳಿಬೇಕಿತ್ತು."

ಕಸ್ತೂರಿ ಕೇಳಿದಳು: "ನನ್ನ ನೆನಪನ್ನs ತಿದ್ದಿದ್ರ?"

ಅದು ಸಾಧ್ಯವಿತ್ತು. ನೆನಪನ್ನು ಪೂರ್ತಿಯಾಗಿ ಮೇಲೆ ಎಳೆದಾಗ ಅದು ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ಹಸಿ ಗಾರೆಯ ಹಾಗೆ. ಆ ಹೊತ್ತಿನಲ್ಲಿ ಬೇರೆ ರೀತಿ ನಡೆದುಕೊಂಡರೆ ಹೊಸದೇ ಗಟ್ಟಿಯಾಗುತ್ತದೆ. ಹೆದರಿಕೆ ಹಾಗೇ ಉಳಿಯುತ್ತದೆ, ಕಾಲು ಬದಲಾಗುತ್ತದೆ. ಆದರೆ ಗಾರೆ ಕೆದಕಿದಾಗ ಅದರಲ್ಲಿ ಹೂತಿದ್ದ ಇತರ ಹರಳುಗಳೂ ಕಿತ್ತು ಬರುತ್ತವೆ. ಯಾವುದು ಎಂದು ಮೊದಲೇ ಹೇಳಲಾಗದು.

"ಆ ಮುಂಜಾನಿಯೊಳಗ ನಿಮಗ ಬೇಕಾದ್ದು ಏನರೆ ಐತೇನ್ರಿ?" ಎಂದು ಕೇಳಿದ ಇಮ್ತಿಯಾಜ್.

ಇತ್ತು. ಪೂಜೆಯ ಹಾರಗಳನ್ನು ಬಕೆಟ್ಟಿನ ನೀರಲ್ಲಿ ಅದ್ದಿಟ್ಟಿದ್ದರು. ಅವಳು ಅವನ್ನು ಎಡ ಮುಂಗೈ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದ್ದಳು. ನೀರು ಮೊಣಕೈಗೆ ಇಳಿದು ತೊಟ್ಟಿಕ್ಕುತ್ತಿತ್ತು. ತಣ್ಣಗಿತ್ತು. ಆ ಕೈಗೆ ತಿಳಿದ ಕೊನೆಯ ತಂಪು ಅದೇ. ರೊಟ್ಟಿಯ ಹಂಚಿನಿಂದ ಕೈ ತೆಗೆದಾಗಲೆಲ್ಲ ಅವಳು ಅದನ್ನು ನೆನೆಸಿಕೊಳ್ಳುತ್ತಿದ್ದಳು.

ಅವಳು ಅದನ್ನು ಇಮ್ತಿಯಾಜನಿಗೆ ಹೇಳಿದಳು. ಅವನು ಬರೆದುಕೊಂಡ. "ಚಾಲೂ ಮಾಡ್ರಿ" ಎಂದಳು.

ಶವರಿನ ಕೆಳಗೆ ಅದೇ ಕಮಲದ ರಂಗೋಲಿ ಹಾಕಿ, ಅದೇ ಮೈಲುತುತ್ತದ ನೀಲಿ ತುಂಬಿದಳು. ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಸಿದ ಟೊಪ್ಪಿಗೆ ಏರಿಸಿಕೊಂಡಳು. ಆಸಿಡ್ಡು, ಊದಿನಕಡ್ಡಿ, ಚೆಂಡು ಹೂ. ನೆನಪಿನಲ್ಲಿ ಬಾಟಲಿ ಒಡೆಯಿತು. ಓಡಿದಳು. ಕಾಲು ನಿಂತಿತು.

"ನನ್ನ ಕಾಲು, ನನ್ನ ಮಾತs ಕೇಳವಲ್ದು ನೋಡ್ರಿ" ಎಂದು ನಕ್ಕಳು.

ಮತ್ತೆ ಓಡಿದಳು, ಮತ್ತೆ ನಿಂತಳು. ಕೊನೆಗೊಮ್ಮೆ ಬಲಗಾಲು ಕಮಲದ ನಟ್ಟನಡುವೆ ಬಿತ್ತು. ನೀರು ಸುರಿಯಿತು. ನೀಲಿ ಕದಡಿ ಮೋರಿಯ ಕಡೆ ಹರಿಯಿತು. ಇನ್ನೊಂದು ರಂಗೋಲಿ ಹಾಕಿದಳು, ಅದನ್ನೂ ತುಳಿದಳು. ಪರದೆಯ ಕೆಳಗಿನ ಗೆರೆಯಲ್ಲಿ ಚಪ್ಪಟೆ ಜಾಗ ಸವೆಯುತ್ತ ಸವೆಯುತ್ತ ಇಲ್ಲವಾಯಿತು.

ಇಮ್ತಿಯಾಜ್ ಟವೆಲ್ ಕೊಟ್ಟು ಕೇಳಿದ. "ಅವತ್ತು ಹಾರ ಯಾರು ತಂದಿದ್ರು?"

"ನಾನs."

"ಹೆಂಗಿದ್ವು?"

ಕಸ್ತೂರಿ ಯೋಚಿಸಿದಳು. "ತಣ್ಣಗಿದ್ವು ಅಂತ ನೀವು ಬರಕೊಂಡೀರಲ್ಲ" ಎಂದಳು.

ಹೊಸ ಅಚ್ಚನ್ನು ಎಪ್ಪತ್ತು ಜನರಿಗೆ ಹಾಕಿದರು. ಊರು ಬಿಟ್ಟವರನ್ನು ಕರೆಸಿ ಹಾಕಿದರು. ಕೊಪ್ಪದ ಸರ್ ಈ ಸಲ ಫೋಟೋ ಇಲ್ಲದೆ ಹಾಕಿಸಿಕೊಂಡರು. ಉಳಿದವಳು ಪವಿತ್ರಾ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಅವಳಿಗೆ ಅಚ್ಚು ಹಾಕುವ ಮೊದಲು ಕೊಪ್ಪದ ಸರ್ ತುಸು ಹಿಂಜರಿದು, ಆದರೂ ಕೇಳಿಯೇ ಬಿಟ್ಟರು. "ಇಮ್ತಿಯಾಜ್ ಹೇಳ್ತಾರ, ನಿನ್ನ ನೆನಪು ಕಸ್ತೂರಿದಕ್ಕಿಂತ ಗಟ್ಟಿ ಇರಬಹುದು ಅಂತ. ದಾಖಲೆ ಮಾಡಿ ಇಟ್ರ ಮುಂದ ಉಪಯೋಗ ಆಗ್ತದ. ನಿನಗ ಅಭ್ಯಂತರ ಇಲ್ಲಂದ್ರ."

"ತಗೋರಿ ಸರ" ಎಂದಳು ಪವಿತ್ರಾ. "ಆದ್ರ ಅದರಾಗೂ ನಾ ನಿಂತೀನ್ರಿ."

ಕೊಪ್ಪದ ಸರ್ ಮತ್ತೆ ಕೇಳಲಿಲ್ಲ. ಅವಳಿಗೂ ಹೊಸ ಅಚ್ಚು ಹಾಕಿದರು.

ಮುಂದಿನ ಅಣಕು ಕಾರ್ಯಾಚರಣೆಯಲ್ಲಿ ಯಾರೂ ನಿಲ್ಲಲಿಲ್ಲ. ಇಮ್ತಿಯಾಜ್ ವಿಡಿಯೊವನ್ನು ನಿಧಾನಗೊಳಿಸಿ ಕಾಲುಗಳನ್ನು ನೋಡಿದ. ಒಂದೂ ತಡೆಯಲಿಲ್ಲ.

ಆ ವಾರದ ಒಂದು ಬೆಳಿಗ್ಗೆ ಮಹಾದೇವಿ ಅಂಗಳದಿಂದ ಕೂಗಿದಳು.

"ಏ ಕಸ್ತೂ, ಕಣ್ಣು ಎಲ್ಲಿಟ್ಟೀ? ಈಗರ ಹಾಕೀನಿ!"

ಕಸ್ತೂರಿ ತಿರುಗಿ ನೋಡಿದಳು. ರಂಗೋಲಿಯ ನಡುವೆ ಅವಳ ಹೆಜ್ಜೆ ಇತ್ತು. ಬಾಗಿಲಿನಿಂದ ಅಡುಗೆಮನೆಯವರೆಗೆ ಬಿಳಿ ಪಾದದ ಗುರುತುಗಳು ಬಿದ್ದಿದ್ದವು. ತುಳಿದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ನಿನ್ನೆನೂ ಹಿಂಗs ಮಾಡಿದಿ" ಎಂದಳು ಮಹಾದೇವಿ. "ಸಣ್ಣಾಕಿದ್ದಾಗ ಗೆರಿ ದಾಟಾಕ ಅಳತಿದ್ದಿ ನೀನು. ನಾ ಎತಗೊಂಡ್ ದಾಟಸ್ತಿದ್ದೆ."

ಕಸ್ತೂರಿ ಬೇಕೆಂದೇ ಹಿಂದೆ ಹೋಗಿ, ರಂಗೋಲಿಯ ಮುಂದೆ ನಿಂತು, ಮತ್ತೆ ಬಂದಳು. ನೆಲ ನೋಡಿಕೊಂಡು ಬಂದರೆ ತಪ್ಪಿಸಿ ದಾಟಲು ಬರುತ್ತಿತ್ತು. ನೋಡದೆ ಬಂದರೆ ಕಾಲು ತಾನಾಗಿ ಸರಿಯುತ್ತಿರಲಿಲ್ಲ.

ವಿಭಾಗದಲ್ಲಿ ಕೇಳಿದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಿಗೆ ಅವ್ವ ಬೈದಿದ್ದಳು. ಒಬ್ಬಳನ್ನು ನೋಡಲು ಬಂದ ಗಂಡಿನ ಕಡೆಯವರ ಮನೆಯಲ್ಲಿ ಇದು ದೊಡ್ಡ ಮಾತಾಗಿತ್ತು. ಕೊಪ್ಪದ ಸರ್ ಅವರ ಬೂಟಿನ ತುದಿಗೂ ರಂಗೋಲಿಯ ಕೆಂಪು ಪುಡಿ ಹತ್ತಿತ್ತು.

ತಿದ್ದಬಹುದೇ ಎಂದು ಕಸ್ತೂರಿ ಕೇಳಿದಳು. ಇಮ್ತಿಯಾಜ್ ತಲೆಯಾಡಿಸಿದ. "ತಿದ್ದಬಹುದ್ರಿ. ತಿದ್ದಿದ್ರ ಮತ್ತ ಶವರ್ ಮುಂದ ನಿಲ್ಲತಾರ. ಕಾಲಿಗೆ ಎರಡೂ ಒಂದs."

ತಿದ್ದಲಿಲ್ಲ.

ಆ ವರ್ಷದ ಖಂಡೇಪೂಜೆಗೆ ಶವರಿಗೆ ಹಾರ ಹಾಕಲಿಲ್ಲ. ವಿಭಾಗದ ಬಾಗಿಲಲ್ಲಿ ಪವಿತ್ರಾ ರಂಗೋಲಿ ಹಾಕಿದಳು. ಒಂದೇ ಕಣ್ಣಿಗೆ ಚುಕ್ಕೆಯ ಅಂತರ ಸಿಗದೆ ಕಮಲ ಒಂದು ಪಕ್ಕಕ್ಕೆ ವಾಲಿತ್ತು. ಎಲ್ಲರೂ ಚೆನ್ನಾಗಿದೆ ಎಂದರು. ಮಂಗಳಾರತಿಯ ಹೊತ್ತಿಗೆ ಅದು ಎಲ್ಲರ ಚಪ್ಪಲಿಗೆ ಹತ್ತಿ ಕಾರಿಡಾರ್ ತುಂಬ ಹೋಗಿತ್ತು. ಪವಿತ್ರಾ ಬಗ್ಗಿ ನೋಡಿ, ಉಳಿದದ್ದನ್ನು ತಾನೇ ತುಳಿದುಕೊಂಡು ಒಳಗೆ ಬಂದಳು.

ಹೋದದ್ದು ಇಷ್ಟು: ಒಂದು ಬಲಗಣ್ಣು, ಒಂದು ಮುಂಗೈ ನೆನಪಿಟ್ಟಿದ್ದ ತಂಪು, ರಂಗೋಲಿ ಕಂಡರೆ ತಾನಾಗಿ ಸರಿಯುತ್ತಿದ್ದ ಎಪ್ಪತ್ತೆರಡು ಜೊತೆ ಕಾಲು. ಎಪ್ಪತ್ತೊಂದು ಟೊಪ್ಪಿಗೆ ಹಾಕಿಸಿಕೊಂಡವರವು, ಒಂದು ಕಸ್ತೂರಿಯದು.